ನೀರು ನೋಡಿ ಒಡಲು ಆರಿಸು

ರೇಡಿಯೊದಿಂದ ನಡೆಸುವ ಹಾಯಿದೋಣಿ ಮಾಡಲು ಹೊರಟಿದ್ದೀ, ತುಂಬ ಸಂತೋಷ. ಹಲ್, ಅಂದರೆ ದೋಣಿಯ ಒಡಲು, ಎಲ್ಲಿ ಸಿಗುತ್ತದೆ, ಯಾವುದನ್ನು ತೆಗೆದುಕೊಳ್ಳಲಿ ಎಂದು ಕೇಳಿದ್ದೀ. ಅದಕ್ಕೆ ಮೊದಲು ನನ್ನದೊಂದು ಪ್ರಶ್ನೆ: ದೋಣಿ ಬಿಡುವುದು ಎಲ್ಲಿ? ಹಿರಿಯಡ್ಕದಲ್ಲಿದ್ದು ಈ ಹವ್ಯಾಸಕ್ಕೆ ಕೈ ಹಾಕುವವರು ಇಲ್ಲಿಂದಲೇ ಶುರು ಮಾಡಬೇಕು. ಒಡಲು ಆರಿಸಿ ಆಮೇಲೆ ನೀರು ಹುಡುಕುತ್ತಾ ಹೋದವರ ದೋಣಿಗಳು ಅಟ್ಟದ ಮೇಲೆ ಕೂತಿರುತ್ತವೆ.

ನಮ್ಮ ಬದಿಯಲ್ಲೇ ಸ್ವರ್ಣಾ ನದಿ ಹರಿಯುತ್ತದೆ. ಬಜೆಯ ಅಣೆಕಟ್ಟಿನ ಹಿಂದೆ ಬೇಸಿಗೆಯಲ್ಲಿ ನಿಂತ ನೀರು ಕಂಡರೆ ಯಾರಿಗಾದರೂ ಆಸೆಯಾದೀತು. ಅದು ಬೇಡ. ಅದು ಉಡುಪಿ ನಗರ ಕುಡಿಯುವ ನೀರು. ದಂಡೆ ಬಿಟ್ಟು ಎರಡು ಹೆಜ್ಜೆ ಹೋದರೆ ಆಳ ಎಷ್ಟಿದೆಯೆಂದು ಹೇಳಲಾಗದು. ದೋಣಿ ನಡುನೀರಲ್ಲಿ ನಿಂತರೆ ನೀನು ಅಂಗಿ ಕಳಚಿ ಇಳಿಯುವವನು, ನನ್ನ ಹೆದರಿಕೆ ಅದೇ. ಯಾವ ನೀರಾದರೂ ಸರಿ, ದೋಣಿಯ ಹಿಂದೆ ಈಜಿ ಹೋಗುವುದಿಲ್ಲ ಎಂದು ಈಗಲೇ ಮಾತು ಕೊಡು. ಉದ್ದದ ಗಾಳದ ಹುರಿಯ ತುದಿಗೆ ತೇಲುವ ಚೆಂಡು ಕಟ್ಟಿ ಚೀಲದಲ್ಲಿಟ್ಟುಕೋ. ಅದನ್ನು ದೋಣಿಯಾಚೆ ಎಸೆದು ಮೆಲ್ಲಗೆ ಎಳೆದರೆ ಹುರಿ ಕೂವೆಮರಕ್ಕೆ ಸಿಕ್ಕಿಕೊಂಡು ದೋಣಿ ದಡಕ್ಕೆ ಬರುತ್ತದೆ.

ಮಣಿಪಾಲದ ಮಣ್ಣಪಳ್ಳ ಕೆರೆ ನಿನಗೆ ಹೇಳಿ ಮಾಡಿಸಿದ ಜಾಗ. ಬದಿಯಲ್ಲಿ ನಡೆಯುವ ದಾರಿ ಇದೆ. ದೋಣಿ ಹೋದತ್ತ ನೀನೂ ನಡೆಯಬಹುದು. ಕೆರೆ ನೋಡಿಕೊಳ್ಳುವವರನ್ನು ಮೊದಲು ಕೇಳಿಕೋ. ಕಾರ್ಕಳದಲ್ಲಿ ರಾಮಸಮುದ್ರ ಕೆರೆಯಿದೆ, ಆನೆಕೆರೆಯಿದೆ. ಆನೆಕೆರೆಯ ನಡುವೆ ಬಸದಿಯಿದೆ, ಅದು ಪೂಜೆಯ ಸ್ಥಳ. ಅಲ್ಲಿ ಕೇಳದೆ ಏನನ್ನೂ ಬಿಡುವುದು ಸರಿಯಲ್ಲ. ಕಾಪು, ಮಲ್ಪೆಯ ಕಡಲು ಮೊದಲ ದೋಣಿಗೆ ಸಲ್ಲ, ಅಲೆ ಒಡೆಯುವ ಸಾಲನ್ನು ಮೀಟರ್ ಉದ್ದದ ದೋಣಿ ದಾಟಲಾರದು. ಉದ್ಯಾವರ ಹೊಳೆ ಕಡಲು ಸೇರುವ ಕಡೆ ನೀರು ಶಾಂತವಾಗಿ ಕಾಣುತ್ತದೆ, ಆದರೆ ಇಳಿತ ಶುರುವಾದರೆ ಸೆಳೆತ ದೋಣಿಗಿಂತ ಬೇಗ ಓಡುತ್ತದೆ.

ಬೇಗ ಎಂದೆನಲ್ಲ, ಎಷ್ಟು ಬೇಗ ಎಂಬುದಕ್ಕೆ ಲೆಕ್ಕವಿದೆ. ನೀರನ್ನು ಸೀಳಿಕೊಂಡು ಹೋಗುವ ದೋಣಿ ತಾನೇ ಎಬ್ಬಿಸಿದ ಅಲೆಯ ನಡುವೆ ಸಿಕ್ಕಿಕೊಳ್ಳುತ್ತದೆ. ಆ ಅಲೆಯ ವೇಗ ನೀರಿಗೆ ತಾಗಿದ ಉದ್ದದ ವರ್ಗಮೂಲಕ್ಕೆ ತಕ್ಕಂತೆ. ಒಂದು ಮೀಟರ್ ಉದ್ದಕ್ಕೆ ಗಂಟೆಗೆ ಸುಮಾರು 4.5 ಕಿಲೋಮೀಟರ್, 65 ಸೆಂಟಿಮೀಟರಿಗೆ ಸುಮಾರು 3.6. ಎರಡೂ ನಾವು ನಡೆಯುವ ವೇಗವೇ. ಹಾಗಾಗಿ ಉದ್ದದ ದೋಣಿ ತಂದರೆ ಹಾರಿ ಹೋದೀತು ಎಂಬ ಆಸೆಯಿಂದ ದೊಡ್ಡದಕ್ಕೆ ಕೈ ಹಾಕಬೇಡ. ಉದ್ದದಿಂದ ಸಿಗುವ ನಿಜವಾದ ಲಾಭ ಬೇರೆ: ಗಾಳಿ ಜೋರಾದಾಗ ಅದು ಚಿಕ್ಕದಕ್ಕಿಂತ ನೆಟ್ಟಗೆ ನಿಲ್ಲುತ್ತದೆ, ಸಣ್ಣ ಅಲೆಗೆ ಕುಣಿಯುವುದಿಲ್ಲ.

ಇನ್ನು ಗಾಳಿ. ನವೆಂಬರಿನಿಂದ ಮೇ ತಿಂಗಳವರೆಗೆ ನಮ್ಮಲ್ಲಿ ಬೆಳಿಗ್ಗೆ ಮೂಡಣದಿಂದ ತೆಳ್ಳಗೆ ಗಾಳಿ ಬೀಸುತ್ತದೆ. ಮಧ್ಯಾಹ್ನದ ಹೊತ್ತಿಗೆ ನೆಲ ಕಾದು ಪಡುಗಾಳಿ ಏಳುತ್ತದೆ. ಕಡಲ ಬದಿಯಲ್ಲಿ ಅದು ಒಂದೇ ಸಮನೆ ಬರುತ್ತದೆ. ಮರಗಳ ನಡುವಿನ ಕೆರೆಗೆ ಬರುವಷ್ಟರಲ್ಲಿ ಒಡೆದು ತುಂಡು ತುಂಡಾಗಿ ನೀರಿಗೆ ಬೀಳುತ್ತದೆ: ಒಂದು ಬೀಸು, ಆಮೇಲೆ ಸುಮ್ಮನೆ. ಇಂಥ ಗಾಳಿಯಲ್ಲಿ ದೋಣಿಯನ್ನು ಹಿಡಿದಿಡುವುದು ಅಲೆಯಲ್ಲ, ಒಡಲಿಗೆ ಉಜ್ಜುವ ನೀರು. ಆದ್ದರಿಂದ ಕೆರೆಗೆ ಬೇಕಾದದ್ದು ಸಪೂರವಾದ, ಅಡಿ ದುಂಡಗಿರುವ, ನೀರಿಗೆ ತಾಗುವ ಮೈ ಕಡಿಮೆಯಿರುವ ಒಡಲು. ಅಡಿ ಚಪ್ಪಟೆಯಾಗಿ ಅಗಲವಾಗಿರುವ ಒಡಲು ಕಣ್ಣಿಗೆ ವೇಗದ್ದಾಗಿ ಕಾಣುತ್ತದೆ. ಅದಕ್ಕೆ ಜೋರು ಗಾಳಿ ಬೇಕು. ಮಣ್ಣಪಳ್ಳದಲ್ಲಿ ಅದು ನಿಂತಲ್ಲೇ ನಿಂತೀತು.

ಈಗ ನಿನ್ನ ಮನಸ್ಸಿನಲ್ಲಿರುವುದಕ್ಕೆ ಬರುವ. ಮಲ್ಪೆಯ ದೋಣಿಯನ್ನೇ ಚಿಕ್ಕದು ಮಾಡಿ ಹಾಯಿ ಕಟ್ಟಬೇಕೆಂದು ನಿನಗಿದೆ. ಆಸೆ ಒಳ್ಳೆಯದೇ, ನಮ್ಮ ಕರಾವಳಿಯ ಹುಡುಗರಿಗೆ ಬರಬೇಕಾದ ಆಸೆ ಅದು. ಹಂಗಾರಕಟ್ಟೆ, ಮಲ್ಪೆ, ಗಂಗೊಳ್ಳಿಗಳಿಂದ ಹಾಯಿ ಕಟ್ಟಿದ ಮಂಜಿ, ಮಚ್ಚುವೆಗಳು ಹಂಚು, ಅಕ್ಕಿ ಹೇರಿಕೊಂಡು ಹೋಗುತ್ತಿದ್ದ ಕಾಲವಿತ್ತು. ಆದರೆ ಅವು ನೆಟ್ಟಗೆ ನಿಲ್ಲುತ್ತಿದ್ದುದು ಹೊಟ್ಟೆಯ ಅಡಿಯಲ್ಲಿ ತುಂಬಿದ ಆ ಭಾರದಿಂದ, ಮತ್ತು ತಮ್ಮ ಗಾತ್ರದಿಂದ. ಗಾತ್ರ ಎಂಬುದನ್ನು ಚೆನ್ನಾಗಿ ತಿಳಿದುಕೋ. ಒಂದು ದೋಣಿಯನ್ನು ಎಲ್ಲ ಕಡೆಯಿಂದಲೂ ಅರ್ಧಕ್ಕೆ ಇಳಿಸಿದರೆ ಹಾಯಿಯ ವಿಸ್ತೀರ್ಣ ನಾಲ್ಕನೇ ಒಂದು ಭಾಗವಾಗುತ್ತದೆ, ತೂಕ ಎಂಟನೇ ಒಂದು ಭಾಗ. ಹಾಯಿ ಎಷ್ಟು ಎತ್ತರದಲ್ಲಿದೆ ಎಂಬುದೂ ಅರ್ಧವಾಯಿತು, ಹಾಗಾಗಿ ಮಗುಚುವ ಬಲ ಎಂಟರಲ್ಲೊಂದು. ಎತ್ತಿ ನಿಲ್ಲಿಸುವ ಬಲ ಮಾತ್ರ ತೂಕದ ಜೊತೆಗೆ ದೂರವೂ ಅರ್ಧವಾಗಿ ಹದಿನಾರರಲ್ಲೊಂದಕ್ಕೆ ಇಳಿಯುತ್ತದೆ. ಅಂದರೆ ಅದೇ ಗಾಳಿಗೆ ಅರ್ಧ ಗಾತ್ರದ ದೋಣಿ ದೊಡ್ಡದರ ಅರ್ಧದಷ್ಟೇ ಗಟ್ಟಿ. ಹತ್ತು ಮೀಟರಿನ ದೋಣಿಯನ್ನು ಒಂದು ಮೀಟರಿಗೆ ಇಳಿಸಿದರೆ ಹತ್ತನೇ ಒಂದು ಪಾಲು. ದೋಣಿ ಚಿಕ್ಕದಾಯಿತು, ಗಾಳಿ ಚಿಕ್ಕದಾಗಲಿಲ್ಲ.

ಮಾದರಿ ಹಾಯಿದೋಣಿಗಳ ಅಡಿಯಲ್ಲಿ ಕೀಲ್ ಎಂಬ ಅಷ್ಟುದ್ದದ ಹಲಗೆ ಇಳಿಬಿಟ್ಟು, ತುದಿಯಲ್ಲಿ ಸೀಸದ ಗುಂಡು ಕಟ್ಟುವುದು ಇದಕ್ಕೇ. ನೋಟಕ್ಕೆ ಅದು ನಮ್ಮ ದೋಣಿಗಳಂತಿಲ್ಲ ಎಂದು ಬೇಸರಿಸಬೇಡ. ಮಂಜಿಯ ಮಾದರಿ ಮಾಡಬೇಕೆಂದೇ ಇದ್ದರೆ ಮಾಡು, ಕಳಚಿ ಹಾಕಬಹುದಾದ ಕೀಲನ್ನು ಅಡಿಗೆ ಸೇರಿಸು, ನೀರಿಗೆ ಬಿಡುವಾಗ ಮಾತ್ರ ಕಟ್ಟು. ಅದು ಎರಡನೆಯ ದೋಣಿಯಾಗಲಿ. ಮೊದಲನೆಯದು ಓಡಲೆಂದೇ ರೂಪಿಸಿದ ಒಡಲಾಗಿರಲಿ.

ಅಂಥ ಒಡಲುಗಳಿಗೆ ಹೊರದೇಶಗಳಲ್ಲಿ ವರ್ಗಗಳಿವೆ. ವರ್ಗ ಎಂದರೆ ಎಲ್ಲರೂ ಒಪ್ಪಿಕೊಂಡ ಅಳತೆಯ ಕಟ್ಟು. ಮಾರ್ಬಲ್‌ಹೆಡ್ ಎಂಬುದು ಅಮೆರಿಕದ ಅದೇ ಹೆಸರಿನ ಕಡಲೂರಿನಲ್ಲಿ 1930ರ ಹೊತ್ತಿಗೆ ಹುಟ್ಟಿದ್ದು: 50 ಇಂಚು ಉದ್ದ, 800 ಚದರ ಇಂಚು ಹಾಯಿ. ಆಗ ರೇಡಿಯೊ ಇರಲಿಲ್ಲ, ದೋಣಿಯನ್ನು ತಿರುಗಿಸಲು ದಡದಲ್ಲಿ ಕೋಲು ಹಿಡಿದು ಓಡುತ್ತಿದ್ದರು. ಈಗ ಜಗತ್ತಿನಲ್ಲಿ ಹೆಚ್ಚು ಹೆಸರಾದದ್ದು ಇಂಟರ್‌ನ್ಯಾಷನಲ್ ಒನ್ ಮೀಟರ್, 1988ರಲ್ಲಿ ಬಂದದ್ದು. ಒಡಲು ಒಂದು ಮೀಟರ್ ಮೀರಬಾರದು, ನೀರಿನೊಳಗೆ 420 ಮಿಲಿಮೀಟರಿಗಿಂತ ಆಳಕ್ಕೆ ಇಳಿಯಬಾರದು, ಒಟ್ಟು ತೂಕ 4 ಕಿಲೋಗಿಂತ ಕಡಿಮೆಯಿರಬಾರದು, ಕೀಲ್ ಮತ್ತು ಗುಂಡು ಸೇರಿ 2.2ರಿಂದ 2.5 ಕಿಲೋ. ಒಡಲಿಗೆ ಕಾರ್ಬನ್ ನಾರು ಬಳಸುವಂತಿಲ್ಲ. ಈ ಕೊನೆಯ ನಿಯಮ ನನಗೆ ಬಹಳ ಇಷ್ಟ. ಮರದಲ್ಲೋ ಗಾಜಿನ ನಾರಿನಲ್ಲೋ ಮನೆಯಲ್ಲಿ ಕಟ್ಟಿದವನೂ ದುಡ್ಡು ಸುರಿದವನ ಪಕ್ಕದಲ್ಲಿ ನಿಲ್ಲಬಹುದು. ಇದಕ್ಕಿಂತ ಚಿಕ್ಕದು 65 ಸೆಂಟಿಮೀಟರಿನ ಆರ್‌ಜಿ 65; ಅದರ ನಕ್ಷೆಗಳನ್ನು ರೂಪಿಸಿದವರೇ ಉಚಿತವಾಗಿ ಕೊಟ್ಟದ್ದೂ ಇದೆ. ಅದೇ ಉದ್ದದ ಡ್ರ್ಯಾಗನ್ ಫೋರ್ಸ್ 65 ಪೆಟ್ಟಿಗೆಯಲ್ಲಿ ಪೂರ್ತಿ ಸಿದ್ಧವಾಗಿ ಬರುವ ಪ್ಲಾಸ್ಟಿಕ್ ಒಡಲಿನದು.

ಇಲ್ಲಿ ಸ್ಪರ್ಧೆ ಎಲ್ಲಿದೆ, ವರ್ಗ ಯಾಕೆ ಎನ್ನಬೇಡ. ನಿನ್ನದನ್ನು ನೋಡಿ ಪರ್ಕಳದವನೊಬ್ಬ, ಕಾರ್ಕಳದವಳೊಬ್ಬಳು ದೋಣಿ ಮಾಡಿದರೆ ಅಂದೇ ಸ್ಪರ್ಧೆ. ಅಳತೆ ಒಂದೇ ಆಗಿದ್ದರೆ ಗೆದ್ದದ್ದು ಯಾರ ಕೈ ಎಂದು ತಿಳಿಯುತ್ತದೆ. ಅಳತೆ ಬೇರೆ ಬೇರೆಯಾದರೆ ಬರೀ ವಾದ.

ನಿನಗೆ ನನ್ನ ಸಲಹೆ 65 ಸೆಂಟಿಮೀಟರ್. ಒಂದು ಮೀಟರಿನದ್ದು ನೀರಿನಲ್ಲಿ ಹೆಚ್ಚು ಸೊಗಸು, ಒಪ್ಪುತ್ತೇನೆ. ಆದರೆ 420 ಮಿಲಿಮೀಟರ್ ಕೀಲ್ ಇಳಿಯಬೇಕಾದರೆ ದಡದಲ್ಲೇ ಮೊಣಕಾಲು ಮುಳುಗುವಷ್ಟು ನೀರಿರಬೇಕು. ನಮ್ಮ ಸುತ್ತಿನ ತೋಟದ ಕೆರೆ, ಮದಗಗಳಲ್ಲಿ ಮಾರ್ಚ್ ಕಳೆದ ಮೇಲೆ ಅಷ್ಟು ನೀರೆಲ್ಲಿ? ಒಂದಡಿಯ ಕೀಲಾದರೆ ಹೆಚ್ಚು ಕಡೆ ನಡೆಯುತ್ತದೆ. ಅಂತರಗಂಗೆ, ಪಾಚಿ ಇರುವ ನೀರಾದರೆ ಕೀಲಿನ ಮುಂದಿನ ಅಂಚು ಹಿಂದಕ್ಕೆ ಓರೆಯಾಗಿರುವುದನ್ನು ಆರಿಸು, ಕಳೆ ಅದರ ಮೇಲೆ ಜಾರಿ ಬಿಡಿಸಿಕೊಳ್ಳುತ್ತದೆ. ನೆಟ್ಟಗಿನ ಕೀಲು ಅದನ್ನೆಲ್ಲ ಕೊಯ್ದು ಎಳೆದುಕೊಂಡು ಬರುತ್ತದೆ. ಮತ್ತೆ, ಚಿಕ್ಕ ದೋಣಿ ಕೂವೆಮರ ಸಮೇತ ಬಸ್ಸಿನಲ್ಲಿ ಹಿಡಿದುಕೊಂಡು ಹೋಗುವಂಥದ್ದು. ಹಿರಿಯಡ್ಕದಿಂದ ಮಣಿಪಾಲಕ್ಕೆ ಬಸ್ಸಿನಲ್ಲಿ ತಾನೇ ಹೋಗುವವನು ನೀನು?

ತೂಕದ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ. ಒಡಲು ಕೊಳ್ಳುವಾಗಲೂ ಕಟ್ಟುವಾಗಲೂ ಎಡವುವುದು ಇಲ್ಲೇ. ಒಂದು ಮೀಟರ್ ವರ್ಗದ ಲೆಕ್ಕವನ್ನೇ ತೆಗೆದುಕೋ. ನಾಲ್ಕು ಕಿಲೋದಲ್ಲಿ ಎರಡೂವರೆ ಕೀಲಿಗೆ ಹೋಯಿತು. ಉಳಿದ ಒಂದೂವರೆಯಲ್ಲಿ ಒಡಲು, ಡೆಕ್ಕು, ಕೂವೆಮರ, ಹಾಯಿ, ಚುಕ್ಕಾಣಿ, ಎರಡು ಸರ್ವೊ ಮೋಟಾರು, ಬ್ಯಾಟರಿ, ಎಲ್ಲವೂ. ಆ ಒಡಲಿನ ಮೈ ಸುಮಾರು ಕಾಲು ಚದರ ಮೀಟರ್ ಎಂದಿಟ್ಟುಕೋ. ಮಲ್ಪೆಯಲ್ಲಿ ಫೈಬರ್ ದೋಣಿ ಮಾಡುವ ಕಡೆ ಸಿಗುವ, ಚದರ ಮೀಟರಿಗೆ 450 ಗ್ರಾಂ ತೂಗುವ ಗಾಜಿನ ನಾರಿನ ಮ್ಯಾಟಿಗೆ ಪಾಲಿಯೆಸ್ಟರ್ ರೆಸಿನ್ ಕುಡಿಸಿದರೆ ಒಂದು ಚದರ ಮೀಟರಿಗೆ ಒಂದೂವರೆ ಕಿಲೋ ಆಗುತ್ತದೆ. ಎರಡು ಪದರ ಹಾಕಿದೆಯಾದರೆ ಬರಿಯ ಒಡಲೇ ಮುಕ್ಕಾಲು ಕಿಲೋ. ಚದರ ಮೀಟರಿಗೆ 100 ಗ್ರಾಮಿನ ನೇಯ್ದ ಗಾಜಿನ ಬಟ್ಟೆಯನ್ನು ಎರಡು ಪದರ ಎಪಾಕ್ಸಿಯಲ್ಲಿ ಹಾಕಿದರೆ ಅದೇ ಒಡಲು ನೂರು ಗ್ರಾಂ ಆಸುಪಾಸು; ಗಟ್ಟಿಗೆಂದು ಮತ್ತೆರಡು ಪದರ ಸೇರಿಸಿದರೂ ಇನ್ನೂರು. ಮ್ಯಾಟು ಕೆಟ್ಟದ್ದೆಂದಲ್ಲ, ಕಡಲಿನಲ್ಲಿ ಬಡಿಸಿಕೊಳ್ಳುವ ದೋಣಿಗೆ ಅದೇ ಬೇಕು. ನಿನ್ನ ಕೆಲಸಕ್ಕೆ ಅದು ಭಾರ. ಮಲ್ಪೆಯವರ ಹತ್ತಿರ ಕಲಿಯಬೇಕಾದದ್ದು ಕೈಯ ಹದ: ರೆಸಿನ್ ಎಷ್ಟು ಸಾಕು, ಗಾಳಿಗುಳ್ಳೆಯನ್ನು ರೋಲರಿನಿಂದ ಹೇಗೆ ಓಡಿಸುವುದು, ಅಚ್ಚಿಗೆ ಮೇಣ ಎಷ್ಟು ಸಲ ತಿಕ್ಕುವುದು.

ಅಲ್ಲಿಗೆ ಹೋಗುವುದಾದರೆ ಜೂನ್, ಜುಲೈಯಲ್ಲಿ ಹೋಗು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳು ಬಂದರಿನಲ್ಲೇ ಇರುತ್ತವೆ, ದುರಸ್ತಿಗೆಂದು ಕೆಲವನ್ನು ದಡಕ್ಕೆ ಎಳೆದಿರುತ್ತಾರೆ. ನೀರಿನ ಕೆಳಗೆ ಅಡಗಿರುವ ಆಕಾರ ಪೂರ್ತಿ ಕಣ್ಣಿಗೆ ಬೀಳುವುದು ಆಗಲೇ. ಮುಂದೆ ನಿಂತು ನೋಡು, ಹಿಂದೆ ನಿಂತು ನೋಡು, ಕೂತು ಅಡಿಯಿಂದ ನೋಡು. ಮೀನಿನ ಭಾರ ಹೊರುವ ಒಡಲು ನಡುವೆ ಯಾಕೆ ಅಷ್ಟು ತುಂಬಿಕೊಂಡಿದೆ, ಮೂತಿ ಯಾಕೆ ಮೇಲಕ್ಕೆ ಎದ್ದಿದೆ ಎಂದು ಕೆಲಸದವರನ್ನು ಕೇಳು, ಕೇಳಿದರೆ ಹೇಳುತ್ತಾರೆ. ಆದರೆ ನಿನ್ನ ರೆಸಿನ್ ಕೆಲಸವನ್ನು ಆ ತಿಂಗಳುಗಳಲ್ಲಿ ಇಟ್ಟುಕೊಳ್ಳಬೇಡ. ನಮ್ಮ ಮಳೆಗಾಲದ ತೇವಕ್ಕೆ ಎಪಾಕ್ಸಿಯ ಮೇಲೆ ಅಂಟು ಅಂಟಾದ ಪೊರೆ ಬರುತ್ತದೆ, ಅದರ ಮೇಲೆ ಹಾಕಿದ ಪದರ ಕಚ್ಚುವುದಿಲ್ಲ. ದೀಪಾವಳಿ ಕಳೆಯಲಿ.

ಮರದಲ್ಲಿ ಕಟ್ಟುವ ಮನಸ್ಸಿದ್ದರೆ ನನಗೆ ಇನ್ನೂ ಸಂತೋಷ. ಬಾಲ್ಸಾ ಮರ ದಕ್ಷಿಣ ಅಮೆರಿಕದ್ದು, ಬೆಂಗಳೂರಿನಲ್ಲಿ ವಿಮಾನದ ಮಾದರಿ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ನಮ್ಮಲ್ಲೇ ಹಗುರ ಮರ ಬೇಕೆಂದರೆ ಪಾಲೆ ಮರವಿದೆ, ಆಟಿ ಅಮಾವಾಸ್ಯೆಗೆ ತೊಗಟೆಯ ಕಷಾಯ ಮಾಡುವ ಅದೇ ಮರ. ಅದರ ಶಾಸ್ತ್ರೀಯ ಹೆಸರಿನಲ್ಲಿ ಶಾಲೆ ಸೇರಿಕೊಂಡಿರುವುದು ಹಿಂದೆ ಅದರ ಹಲಗೆಯಲ್ಲಿ ಮಕ್ಕಳ ಬರೆಯುವ ಪಾಟಿ ಮಾಡುತ್ತಿದ್ದರೆಂದು. ಬಾಲ್ಸಾಕ್ಕಿಂತ ಅದು ಎರಡು ಪಟ್ಟಿಗೂ ಹೆಚ್ಚು ತೂಗುತ್ತದೆ. ಆದರೂ ಎರಡು ಮಿಲಿಮೀಟರಿಗೆ ಉಜ್ಜಿದ ಪಟ್ಟಿಗಳಿಂದ ಮೀಟರ್ ಉದ್ದದ ಒಡಲು ಕಟ್ಟಿದರೆ ಮರದ ಭಾರ ಇನ್ನೂರು ಗ್ರಾಮಿನ ಸುತ್ತ ನಿಲ್ಲುತ್ತದೆ. ಬೇಗ ಹುಳ ಹಿಡಿಯುವ ಮರ, ಕೊಯ್ದ ಕೂಡಲೇ ಒಣಗಿಸಿ, ಒಳಗೂ ಹೊರಗೂ ಎಪಾಕ್ಸಿ ಸವರಬೇಕು. ಅಂಗಡಿಯ ನಾಲ್ಕು ಮಿಲಿಮೀಟರ್ ಪ್ಲೈವುಡ್ ಮಾತ್ರ ಬೇಡ. ಅದರಲ್ಲಿ ಅಷ್ಟೇ ಒಡಲು ಅರ್ಧ ಕಿಲೋ ದಾಟುತ್ತದೆ, ಬಾಗಿಸಲೂ ಆಗದು.

ಮೂರನೆಯ ದಾರಿ ತ್ರೀ ಡಿ ಪ್ರಿಂಟಿಂಗ್. ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುವ ಗೆಳೆಯರಿದ್ದರೆ ಇದು ಸುಲಭ. ಒಂದೇ ಎಚ್ಚರಿಕೆ: ಸಾಮಾನ್ಯವಾಗಿ ಬಳಸುವ ಪಿಎಲ್ಎ ಪ್ಲಾಸ್ಟಿಕ್ 60 ಡಿಗ್ರಿಯ ಹತ್ತಿರ ಮೆತ್ತಗಾಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಕಾಪು ದೀಪಸ್ತಂಭದ ಹತ್ತಿರ ಕಾರಿನ ಗಾಜು ಮುಚ್ಚಿ ಒಳಗಿಟ್ಟು ಬಂದರೆ ಒಡಲು ಡೊಂಕಾಗಿರುತ್ತದೆ. ಪಿಇಟಿಜಿಯಲ್ಲಿ ಮಾಡಿಸು, ಅದು ಇನ್ನೂ ಸ್ವಲ್ಪ ಬಿಸಿ ತಾಳುತ್ತದೆ. ಪದರಗಳ ನಡುವೆ ನೀರು ಜಿನುಗುವುದರಿಂದ ಹೊರಗೆ ತೆಳ್ಳಗೆ ಎಪಾಕ್ಸಿ ಕೊಡಲೇಬೇಕು.

ಹೊರದೇಶದಿಂದ ಸಿದ್ಧ ದೋಣಿ ತರಿಸುವುದಾದರೆ ಸುಂಕ, ಸಾಗಣೆ ಸೇರಿಸಿ ಪೂರ್ತಿ ಬೆಲೆ ಕೇಳಿ ತಿಳಿದುಕೊಂಡೇ ದುಡ್ಡು ಕೊಡು. ಚುಕ್ಕಾಣಿ, ಕೀಲು ಮುರಿದರೆ ಬಿಡಿಭಾಗ ಸಿಗುತ್ತದೆಯೇ ಎಂಬುದನ್ನೂ ಆಗಲೇ ಕೇಳು.

ಯಾರೋ ಬಳಸಿದ ಒಡಲು ಸಿಕ್ಕಿದರೆ ಬಣ್ಣಕ್ಕೆ ಮರುಳಾಗಬೇಡ. ಮೊದಲು ತಕ್ಕಡಿಗೆ ಹಾಕು. ಹೇಳಿದ ತೂಕಕ್ಕಿಂತ ಹೆಚ್ಚಿದ್ದರೆ ಒಂದೋ ನೀರು ಕುಡಿದಿದೆ, ಒಂದೋ ಒಳಗೆ ತೇಪೆ ಹಾಕಿದ್ದಾರೆ. ಉಗುರಿನಿಂದ ಮೈಯೆಲ್ಲ ತಟ್ಟುತ್ತಾ ಹೋಗು, ಸದ್ದು ಮಂಕಾದಲ್ಲಿ ಪದರ ಬಿಟ್ಟಿರುತ್ತದೆ. ಕೀಲ್ ಸೇರಿಸುವ ಗೂಡಿನ ಮೂಲೆಗಳನ್ನು ಬೆಳಕು ಬಿಟ್ಟು ನೋಡು. ದೋಣಿ ಕಲ್ಲಿಗೆ ತಾಗಿದಾಗ ಪೆಟ್ಟೆಲ್ಲ ಬೀಳುವುದು ಅಲ್ಲಿಗೆ, ಕೂದಲೆಳೆಯ ಬಿರುಕು ಶುರುವಾಗುವುದೂ ಅಲ್ಲೇ. ಮೂತಿಯಿಂದ ಹಿಂಬದಿಯ ನಡುವಿಗೆ ನೂಲು ಎಳೆದು ಕಟ್ಟಿ, ಕೀಲು, ಚುಕ್ಕಾಣಿ, ಕೂವೆಮರದ ತೂತು ಮೂರೂ ಆ ಗೆರೆಯ ಮೇಲಿವೆಯೇ ಎಂದು ನೋಡು. ಮೂತಿ ಜಖಂ ಆಗಿದ್ದರೆ, ಡೆಕ್ಕು ಒಡೆದಿದ್ದರೆ ಚಿಂತೆಯಿಲ್ಲ, ಅದನ್ನು ಒಂದು ವಾರದಲ್ಲಿ ಸರಿ ಮಾಡಬಹುದು. ಒಡಲೇ ತಿರುಚಿಕೊಂಡಿದ್ದರೆ ಉಚಿತವಾಗಿ ಕೊಟ್ಟರೂ ಬೇಡ. ಅದು ಒಂದು ಮಗ್ಗುಲಿಗೆ ಚೆನ್ನಾಗಿ ಓಡುತ್ತದೆ, ಇನ್ನೊಂದಕ್ಕೆ ಎಂದೂ ಓಡದು.

ಆಕಾರವನ್ನು ಪರೀಕ್ಷಿಸಲು ನೀರಿಗಿಂತ ಒಳ್ಳೆಯ ಗುರುವಿಲ್ಲ. ಬರಿಯ ಒಡಲನ್ನು ತೋಟದ ಟಾಂಕಿಯಲ್ಲಿ ತೇಲಿಸಿ, ಕೊನೆಗೆ ಬರಬೇಕಾದ ತೂಕದಷ್ಟು ಮರಳಿನ ಪೊಟ್ಟಣಗಳನ್ನು ನಡುವೆ ಇಡು. ನಾಲ್ಕು ಕಿಲೋ ದೋಣಿ ಸಿಹಿನೀರಿನಲ್ಲಿ ಸರಿಯಾಗಿ ನಾಲ್ಕು ಲೀಟರ್ ನೀರನ್ನು ಪಕ್ಕಕ್ಕೆ ಸರಿಸುತ್ತದೆ, ಉಪ್ಪುನೀರಿನಲ್ಲಿ ಒಂದು ನೂರು ಮಿಲಿಲೀಟರ್ ಕಡಿಮೆ. ನೀರು ತಾಗಿದ ಗೆರೆಯನ್ನು ಪೆನ್ಸಿಲಿನಿಂದ ಗುರುತು ಮಾಡು. ಹಿಂಬದಿಯ ತುದಿ ನೀರಿನೊಳಗೆ ಎಳೆಯುತ್ತಿದ್ದರೆ ಮೆಲುಗಾಳಿಗೆ ಆ ದೋಣಿ ಸೋಮಾರಿ. ಆಮೇಲೆ ಕೈಯಿಂದ ಮೂವತ್ತು ಡಿಗ್ರಿಯಷ್ಟು ವಾಲಿಸು. ಆಗ ಮೂತಿ ಕೆಳಗೆ ಇಳಿದು ಹಿಂಬದಿ ಮೇಲೇಳುತ್ತದೆಯೇ? ಹಾಗಾದರೆ ಹಿಂಬದಿ ಬೇಕಾದ್ದಕ್ಕಿಂತ ಅಗಲ. ಬೀಸು ಬಂದಾಗಲೆಲ್ಲ ದೋಣಿ ನಿನ್ನ ಮಾತು ಕೇಳದೆ ಗಾಳಿಯ ಕಡೆಗೆ ತಿರುಗುತ್ತದೆ. ಒಳ್ಳೆಯ ಒಡಲು ವಾಲಿದರೂ ಮುಂದೆ ಹಿಂದೆ ಸಮವಾಗಿ ಕೂತಿರುತ್ತದೆ. ಇನ್ನು ಮೂತಿ. ಗಾಳಿ ಹಿಂದಿನಿಂದ ಜೋರಾಗಿ ಬಂದರೆ ಈ ದೋಣಿಗಳು ಮೂತಿಯನ್ನು ನೀರಿಗೆ ತುರುಕಿ ನಿಂತುಬಿಡುತ್ತವೆ. ಮೂತಿಯ ಮೇಲ್ಭಾಗ ಸ್ವಲ್ಪ ತುಂಬಿಕೊಂಡಿದ್ದು, ಡೆಕ್ಕು ಮೀನಿನ ಬೆನ್ನಿನಂತೆ ದುಂಡಗಿದ್ದರೆ ನೀರು ಜಾರಿ ಹೋಗಿ ತಲೆಯೆತ್ತುತ್ತದೆ.

ಸೀಸದ ಬಗ್ಗೆ ಒಂದು ಮಾತು. ಬಲೆಗೆ ಕಟ್ಟುವ ಸೀಸ ಮಲ್ಪೆಯಲ್ಲಿ ಸಿಗುತ್ತದೆ. ಅದನ್ನು ಅಡುಗೆಮನೆಯಲ್ಲಿ ಕರಗಿಸಬೇಡ, ಮನೆಯ ಪಾತ್ರೆಯನ್ನೂ ಮುಟ್ಟಬೇಡ. ಅಂಗಳದಲ್ಲಿ, ಗಾಳಿಯ ಮೇಲ್ಬದಿಗೆ ನಿಂತು, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಅಚ್ಚಿನಲ್ಲಿ ಹನಿ ನೀರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಹೊಯ್ಯಬೇಕು. ಮಕ್ಕಳು ಹತ್ತಿರ ಸುಳಿಯಬಾರದು. ನಾನೂ ಬರುತ್ತೇನೆ, ಒಬ್ಬನೇ ಮಾಡಬೇಡ.

ಮಾತಾಡಲು ಜನ ಬೇಕಾದರೆ ಎನ್‌ಸಿಸಿ ನೌಕಾ ಘಟಕದಲ್ಲಿ ಇದ್ದವರನ್ನು ಹುಡುಕು, ಉಡುಪಿ, ಮಂಗಳೂರು ಎರಡೂ ಕಡೆ ಇದ್ದಾರೆ. ಅವರ ನೌಸೈನಿಕ ಶಿಬಿರದ ಸ್ಪರ್ಧೆಗಳಲ್ಲಿ ಹಡಗಿನ ಮಾದರಿ ಕಟ್ಟುವುದೂ ಒಂದು, ಹಾಯಿಯಿಂದ ಓಡುವ ಮಾದರಿಗೆ ಅದರಲ್ಲಿ ಬೇರೆಯೇ ಜಾಗವಿದೆ. ಅಡ್ಡಹಲಗೆ ನಿಲ್ಲಿಸಿ ಪಟ್ಟಿ ಹೊದಿಸುವುದನ್ನು ಕೈಯಾರೆ ಮಾಡಿದವರು ಅವರು. ಪುಸ್ತಕ ನೋಡಿ ತಿಂಗಳು ಕಳೆಯುವ ಬದಲು ಅವರೊಟ್ಟಿಗೆ ಒಂದು ಮಧ್ಯಾಹ್ನ ಕೂತರೆ ಹೆಚ್ಚು ತಿಳಿಯುತ್ತದೆ.

ರೇಡಿಯೊ, ಸರ್ವೊ ಈಗಲೇ ಕೊಳ್ಳಬೇಡ ಮಾರಾಯ, ಅವೆಲ್ಲ ಯಾವಾಗ ಬೇಕಾದರೂ ಬರುತ್ತವೆ. ಈ ವಾರ ಮಣ್ಣಪಳ್ಳಕ್ಕೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೋಗಿ, ಕೋಲಿನ ತುದಿಗೆ ದಾರ ಕಟ್ಟಿ ಗಾಳಿ ಯಾವ ಬದಿಯಿಂದ, ಎಷ್ಟು ಹೊತ್ತು ಬೀಸುತ್ತದೆ ಎಂದು ಬರೆದುಕೋ. ಅದೇ ಕೋಲಿನಿಂದ ದಡದ ಆಳವನ್ನೂ ಅಳೆದುಬಿಡು. ಆ ಕಾಗದ ತೆಗೆದುಕೊಂಡು ಭಾನುವಾರ ಮನೆಗೆ ಬಾ, ತೂಕದ ಲೆಕ್ಕ ಒಟ್ಟಿಗೆ ಹಾಕುವ.